ಮಾತ್ರೆ ಕೊಡಲು ಬಾರದ ಡಾಕ್ಟರು

ನಮ್ಮ ಮೊಮ್ಮಗಳು ಡಾಕ್ಟರಾದಳು! ಬೆಳಿಗ್ಗೆ ಮೈಸೂರಿನಿಂದ ಫೋನು ಬಂತು, ಮಧ್ಯಾಹ್ನದೊಳಗೆ ಕ್ಯಾತನಹಳ್ಳಿಯ ನಮ್ಮ ಬೀದಿಗೆಲ್ಲ ಬೆಲ್ಲ ಹಂಚಿದ್ದೂ ಆಯಿತು. ಆದರೆ ಜ್ವರ, ಕೆಮ್ಮು, ಮಂಡಿನೋವು ಅಂತ ದಯವಿಟ್ಟು ಯಾರೂ ನಮ್ಮ ಬಾಗಿಲಿಗೆ ಬರಬೇಡಿ. ಇಡೀ ಪಾಂಡವಪುರ ತಾಲ್ಲೂಕಿನಲ್ಲಿ ತಲೆನೋವಿಗೆ ಒಂದು ಮಾತ್ರೆ ಕೊಡಲು ಬಾರದ ಡಾಕ್ಟರು ಯಾರಾದರೂ ಇದ್ದರೆ ಅದು ಇವಳೇ. ಪಕ್ಕದ ಮನೆಯ ಮುದುಕಪ್ಪ ಬೆಲ್ಲ ಬಾಯಿಗೆ ಹಾಕಿಕೊಂಡವನೇ ಪಂಚೆ ಎತ್ತಿ ಮಂಡಿ ತೋರಿಸಿಕೊಂಡು ನಮ್ಮ ಜಗಲಿಯ ಮೇಲೆ ಕೂತುಬಿಟ್ಟ.

"ಎದ್ದೇಳಪ್ಪ, ಇವ್ಳು ಆ ಡಾಕ್ಟ್ರಲ್ಲ."

"ಮತ್ಯಾವ ಡಾಕ್ಟ್ರು? ದನದ್ ಡಾಕ್ಟ್ರಾ? ಅಂಗಾದ್ರೆ ನಮ್ ಎಮ್ಮೆನಾರ ನೋಡ್ಲಿ."

ಅವನಿಗೆ ಏನು ಹೇಳಲಿ? ಅವಳು ಎಂಥವಳು ಅಂತ ಹೇಳಬೇಕಾದರೆ ಏಡಿಯಿಂದಲೇ ಶುರು ಮಾಡಬೇಕು.

ನಮ್ಮದು ನಾಲೆ ನೀರಿನ ಭತ್ತದ ಗದ್ದೆ. ಏಡಿ ಬದುವಿನಲ್ಲಿ ಬಿಲ ಕೊರೆದರೆ ನೀರೆಲ್ಲ ಪಕ್ಕದವರ ಗದ್ದೆಗೆ ಸೋರಿಹೋಗುತ್ತದೆ. ಬೆಳಿಗ್ಗೆ ಎದ್ದು ಬಿಲಗಳಿಗೆ ಕೆಸರು ಮೆತ್ತುವುದು ನಮ್ಮ ಯಜಮಾನರ ಮೊದಲ ಕೆಲಸ. ಆಗಿನ್ನೂ ಲಂಗ ತೊಡುತ್ತಿದ್ದ ನಮ್ಮ ಮೊಮ್ಮಗಳು ಅವರ ಹಿಂದೆಯೇ ಹೋಗಿ, ಮುಚ್ಚಿದ್ದನ್ನೆಲ್ಲ ಕಡ್ಡಿಯಲ್ಲಿ ಬಿಡಿಸಿ, ಮೂಗು ತಾಗಿಸಿ ನೋಡುತ್ತಾ ಕೂರುತ್ತಿದ್ದಳು.

"ತಾತ, ಏಡಿ ಒಳಕ್ಕೋಯ್ತು. ಬದ ಬೀಳ್ನೇ ಇಲ್ಲ. ಎಂಗೆ ಓಯ್ತದೆ?"

"ಎಂಗೋ ಓಯ್ತದೆ. ಅದುಕ್ ಗೊತ್ತು."

"ನಿಂಗೊತ್ತಿಲ್ವಾ?"

"ನಾನೇನ್ ಏಡಿಯೇನವ್ವ?"

ಊರಿನಲ್ಲಿ ಎಲ್ಲರೂ ಅವಳನ್ನು ಬೈದರು, ಒಬ್ಬನನ್ನು ಬಿಟ್ಟು. ಪಕ್ಕದ ಗದ್ದೆಯವನು ಮಾತ್ರ ಸಿಕ್ಕಾಗಲೆಲ್ಲ, "ನಿಮ್ ಮೊಮ್ಮಗ್ಳು ನೂರ್ಕಾಲ ಬಾಳ್ಲಿ ಕಣಣ್ಣ, ನಾನ್ ನೀರೇ ಕಟ್ಟಂಗಿಲ್ಲ" ಅಂತ ಹರಸುತ್ತಿದ್ದ.

ಈಗಲೂ ಅವಳು ನೋಡುತ್ತಿರುವುದು ಅದನ್ನೇ. ನಮ್ಮ ಮೈಯೊಳಗೆ ರಕ್ತದ ಕಾಲುವೆ ಅಲ್ಲದೆ ಬಸಿಗಾಲುವೆ ಅಂತ ಇನ್ನೊಂದು ಇದೆಯಂತೆ; ಗದ್ದೆಯಲ್ಲಿ ಹೆಚ್ಚಾದ ನೀರನ್ನು ಎಳೆದುಕೊಂಡು ಹೋಗುತ್ತದಲ್ಲ, ಹಾಗೆ. ಎಲ್ಲಾದರೂ ಗಾಯವಾದರೆ ಮೈ ಕಾಯುವ ಕಣಗಳು ಆ ಕಾಲುವೆಯ ಗೋಡೆ ತೂರಿ ಒಳಗಿಳಿದು, ಕಂಕುಳಲ್ಲೋ ಕುತ್ತಿಗೆಯಲ್ಲೋ ಇರುವ ಗಂಟುಗಳಿಗೆ ಹೋಗಿ ಸುದ್ದಿ ಮುಟ್ಟಿಸುತ್ತವಂತೆ. ಗೋಡೆ ಒಡೆಯದೆ ಹೇಗೆ ತೂರುತ್ತವೆ ಅನ್ನುವುದೇ ಅವಳ ಓದು. ಏಡಿ ಹೋಗಿ ಕಣ ಬಂತು, ಅಷ್ಟೆ. ಅದಕ್ಕೆ ಇಷ್ಟು ವರ್ಷ ಮೈಸೂರಿನಲ್ಲಿ ಯಾಕಿರಬೇಕು, ನಮ್ಮ ಬದುವಿನ ಮೇಲೇ ಕೂತಿದ್ದರೆ ಆಗುತ್ತಿರಲಿಲ್ಲವೆ ಅಂತ ಯಜಮಾನರು ಈಗಲೂ ಕೇಳುತ್ತಾರೆ.

ಆದರೆ ಅವಳು ಈ ದಾರಿ ಹಿಡಿದದ್ದು ಏಡಿಯಿಂದಲ್ಲ. ನನ್ನ ಕೈಯಿಂದ.

ಅವಳು ಕಾಲೇಜಿನಲ್ಲಿದ್ದಾಗ ನನ್ನ ಎದೆಯಲ್ಲಿ ಕೆಟ್ಟ ಗಂಟಾಯಿತು. ಅದನ್ನು ತೆಗೆಯುವಾಗ ಕಂಕುಳಲ್ಲಿದ್ದ ಗಂಟುಗಳನ್ನೂ ತೆಗೆದರು. ಜೀವ ಉಳಿಯಿತು, ಬಲಗೈ ಊದಿಕೊಂಡಿತು. "ಬಸಿಗಾಲ್ವೆ ಮುಚ್ಚೋದ್ರೆ ಗದ್ದೆ ಜೌಗಾಗ್ದೆ ಇನ್ನೇನಾದದು" ಅಂದರು ಯಜಮಾನರು, ಅಂದು ಎದ್ದು ಹೊರಗೆ ಹೋದರು. ಕೈಯೋ, ನೆನೆದ ಗೋಣಿಚೀಲವನ್ನು ಹೆಗಲಿಗೆ ಹೊಲಿದ ಹಾಗೆ ಭಾರ. ಬಳೆಗಳನ್ನು ಆಸ್ಪತ್ರೆಯಲ್ಲೇ ಕತ್ತರಿಸಿದ್ದರು. ಸಂತೆಬಾಚಹಳ್ಳಿಯ ಸಂತೆಯಲ್ಲಿ ಬಳೆಯವನು ನನ್ನ ಕೈ ನೋಡಿ, ಹಿಡಿದಿದ್ದ ಬಳೆಯನ್ನು ಮೆಲ್ಲಗೆ ಕೆಳಗಿಟ್ಟ. ಯಜಮಾನರು ಕಲ್ಲುಗುಂಡಿನ ಹಾಗಿದ್ದಾರೆ, ಆದರೂ ನನ್ನ ಎಡಗೈ ಮುತ್ತೈದೆ, ಬಲಗೈ ವಿಧವೆ. ಇಂಥ ಹೆಂಗಸು ನಾಲ್ಕು ತಾಲ್ಲೂಕಿನಲ್ಲಿ ಇನ್ನೊಬ್ಬಳಿದ್ದರೆ ತೋರಿಸಿ.

ಬಳೆ ಹೋದರೆ ಹೋಗಲಿ. ಮುದ್ದೆ ತಿರುವಲು ಆಗದೆ ಹೋಯಿತಲ್ಲ, ಅದು ನನ್ನನ್ನು ತಿಂದುಹಾಕಿತು. ಸೊಸೆ ತಿರುವುತ್ತಿದ್ದಳು, ನಾನು ಗೋಡೆಗೆ ಒರಗಿ ಕೂತು ನೋಡುತ್ತಿದ್ದೆ. ಒಂದು ದಿನ ಮೊಮ್ಮಗಳು ಬಂದು ಪಕ್ಕದಲ್ಲಿ ಕೂತಳು. "ಅಳ್ಬೇಡ ಕಣಜ್ಜಿ. ನಿನ್ ಕೈ ನಾನ್ ಇಳಿಸ್ತೀನಿ. ನೀನೇ ಕೋಲ್ ಇಡ್ಕೊಂಡು ಮುದ್ದೆ ತಿರುವ್ಬೇಕು, ಅಂಗ್ಮಾಡ್ತೀನಿ" ಅಂದಳು. ನಾನು ನಂಬಿದೆ. ಪಾಪ, ಅವಳೂ ನಂಬಿದಳು.

ಆಮೇಲೆ ಶುರುವಾಯಿತು ನೋಡಿ ಅವಳ ಅವತಾರ. ನಾಗಮಂಗಲದ ಕಡೆಯಿಂದ ಹುಡುಗನ ಕಡೆಯವರು ಹೆಣ್ಣು ನೋಡಲು ಬಂದರು. ಇವಳು ಕಾಫಿ ಕೊಟ್ಟವಳು ಒಳಗೆ ಬರಬೇಕೋ ಬೇಡವೋ? ನಿಂತು ಹುಡುಗನ ದವಡೆಯನ್ನೇ ದಿಟ್ಟಿಸಿ, ಆಮೇಲೆ ಎರಡು ಬೆರಳಿಟ್ಟು ದವಡೆಯ ಕೆಳಗೆ ಒತ್ತಿ, "ಗಂಟ್ ಕಟ್ಕೊಂಡದೆ. ಹಲ್ಗೆ ಹುಳ ಬಿದ್ದದಾ ನಿಮ್ಗೆ?" ಅಂತ ಕೇಳಿದಳು. ಹುಡುಗನ ತಾಯಿ ಲೋಟ ಕೆಳಗಿಟ್ಟು, "ತಾಳಿ ಕಟ್ಟೋಕ್ ಮುಂಚೆಯೇ ಕುತ್ಗೆಗೆ ಕೈ ಆಕ್ಬುಟ್ಲಲ್ಲ" ಅಂದು ಎದ್ದರು. ಸಂಬಂಧ ಮುರಿಯಿತು. ಹಲ್ಲು ಕೀಳಿಸಿಕೊಂಡ ಮೇಲೆ ಹುಡುಗನ ನೋವು ನಿಂತಿತಂತೆ.

ಇನ್ನೊಂದು ಸಲ ನಾನು ಹೊಸಹೊಳಲಿನ ದೇವಸ್ಥಾನಕ್ಕೆಂದು ಬಸ್ಸಿನಲ್ಲಿ ಹೋಗುತ್ತಿದ್ದೆ. ಫೋನು ಬಂತು. ನನಗೆ ಕಿವಿ ಮಂದ, ಜೋರಾಗಿ ಇಟ್ಟುಕೊಂಡೇ ಕೇಳಿಸಿಕೊಳ್ಳಬೇಕು. "ಎಲ್ಲಾ ಸತ್ತೋದೊ ಅಜ್ಜಿ. ಒಂದೂ ಉಳೀನಿಲ್ಲ" ಅಂತ ಅವಳು ಅಳುವುದು ಇಡೀ ಬಸ್ಸಿಗೆ ಕೇಳಿಸಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಬೆನ್ನು ಸವರಿದಳು.

"ಏನ್ ಸತ್ತೋದೋ ಅಕ್ಕ? ಕುರಿಯಾ?"

"ಇಲ್ಲ ಕಣವ್ವ. ಗಾಜಿನ್ ತಟ್ಟೇಲಿ ಸಾಕಿದ್ಲು. ಕಣ್ಗೆ ಕಾಣಕಿಲ್ಲ."

ಆ ಹೆಂಗಸು ಎದ್ದು ಡ್ರೈವರ್ ಹಿಂದಿನ ಸೀಟಿಗೆ ಹೋದಳು.

ಆ ಕಣಗಳಿಗೆ ಊಟ ಏನು ಅಂತ ಯಜಮಾನರು ಒಮ್ಮೆ ಕೇಳಬಾರದಿತ್ತು, ಕೇಳಿದರು. ಕರುವಿನ ರಕ್ತದಿಂದ ತೆಗೆದ ತಿಳಿನೀರು ಹಾಕುತ್ತೇವೆ ಅಂದಳು. ಅವತ್ತಿನಿಂದ ಅವಳು ಬರುತ್ತಾಳೆ ಅಂದರೆ ಸಾಕು, ಕರುವನ್ನು ಬಿಚ್ಚಿಕೊಂಡು ಹೋಗಿ ಹಿತ್ತಲಿನಲ್ಲಿ ಕಟ್ಟುತ್ತಿದ್ದರು.

ಆದರೆ ಬರಬರುತ್ತಾ ಕರು ಹಿತ್ತಲಿಗೆ ಹೋಗುವುದೇ ಅಪರೂಪವಾಯಿತು. ಮೈಸೂರಿನಿಂದ ಶ್ರೀರಂಗಪಟ್ಟಣ ದಾಟಿದರೆ ನಮ್ಮೂರು ಏನು ಮಹಾ ದೂರ? ಯುಗಾದಿಗೆ ಬರಲಿಲ್ಲ, ಗೌರಿ ಹಬ್ಬಕ್ಕೂ ಇಲ್ಲ. ಬಂದಾಗಲೂ ನನ್ನ ಎಡಗಡೆಗೇ ಕೂರುತ್ತಿದ್ದಳು. ಫೋನಿನಲ್ಲಿ ನಾನು ಸುಮ್ಮನೆ, "ಕೈ ಅಂಗೇ ಅದೆ" ಅಂದರೆ ಕೆಲಸವಿದೆ ಅಂತ ಫೋನು ಇಟ್ಟುಬಿಡುತ್ತಿದ್ದಳು. ಕಣ ಗೋಡೆ ತೂರುವುದನ್ನು ನೋಡುವುದೇ ಬೇರೆ, ಮುಚ್ಚಿಹೋದ ಕಾಲುವೆಯನ್ನು ತೆರೆಯುವುದೇ ಬೇರೆ. ಓದುತ್ತಾ ಹೋದ ಹಾಗೆ ಅವಳಿಗೆ ಅದು ತಿಳಿದಿತ್ತು. ನನಗೆ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಊದಿದ ಕೈ ಇಳಿಯದಿದ್ದರೆ ಬೇಡ, ಕೈಯ ನೆಪದಲ್ಲಿ ಕೂಸೇ ಕೈತಪ್ಪಿ ಹೋಗುತ್ತದೇನೋ ಅನ್ನುವುದೇ ನನ್ನ ಹೆದರಿಕೆಯಾಗಿತ್ತು.

ಇವತ್ತು ಬೆಳಿಗ್ಗೆ, "ಅಜ್ಜಿ, ಡಾಕ್ಟ್ರೇಟ್ ಆಯ್ತು" ಅಂದಳು. ನನಗೆ ಕುಣಿಯುವ ಹಾಗಾಯಿತು. ಅವಳ ದನಿ ಮಾತ್ರ ಸಾವಿನ ಮನೆಯಿಂದ ಬಂದ ಹಾಗಿತ್ತು.

"ಆದ್ರೆ ಅಜ್ಜಿ, ನಿನ್ ಕೈಗೆ..."

"ನನ್ ಕೈ ನಿನ್ನೇನೂ ಕೇಳಿಲ್ಲ ಕಣೆ. ಸಾಯಂಕಾಲದ್ ಬಸ್ಸಿಗೆ ಬಾ. ಉಣ್ಣಕ್ ಬಾ."

ಬಂದಳು. ಕಣ್ಣು ಗುಳಿಬಿದ್ದಿತ್ತು, ಜಡೆ ಇಲಿಬಾಲವಾಗಿತ್ತು. ಬಾಗಿಲಲ್ಲೇ ನಿಂತಳು. ಕರು ಮುಂದಿನ ಕೊಟ್ಟಿಗೆಯಲ್ಲೇ ಇತ್ತು, ಯಜಮಾನರು ಬಿಚ್ಚಿರಲಿಲ್ಲ. ಅದು ಇವಳ ದುಪಟ್ಟಾ ನೆಕ್ಕುತ್ತಿದ್ದರೂ ಅವರು ಕಂಡೂ ಕಾಣದವರ ಹಾಗೆ ಕೂತಿದ್ದರು.

ಒಳಗೆ ಎಸರು ಕುದಿಯುತ್ತಿತ್ತು. ಸೊಸೆ ಹಿಟ್ಟು ಹಾಕಿ ಕೋಲು ತೆಗೆದುಕೊಂಡಳು. ನಾನು ಅದನ್ನು ಕಿತ್ತುಕೊಂಡೆ. "ಅತ್ತೆ, ಬ್ಯಾಡಿ, ಕೈ ಇನ್ನೂ ಊತ್ಕೊಂಡದೆ" ಅಂದಳು. ನಾನು ಮೊಮ್ಮಗಳನ್ನು ಕರೆದೆ. "ಬಾರೆ ಡಾಕ್ಟ್ರೆ. ಕೋಲ್ ಇಡ್ಕೊ."

ಅವಳು ಬಂದು ಬಲಗಡೆ ಕೂತಳು. ಕೋಲಿನ ಮೇಲೆ ಅವಳ ಕೈ, ಅವಳ ಕೈಯ ಮೇಲೆ ನನ್ನ ದಪ್ಪ ಕೈ.

"ಇಳೀನಿಲ್ಲ ಅಜ್ಜಿ."

"ಇಳೀದಿದ್ರೆ ಅಂಗೇ ಇರ್ಲಿ. ತಳ ಇಡೀತದೆ, ತಿರುವು."

ತಿರುವಿದೆವು. ಭಾರ ನನ್ನದು, ಬಲ ಅವಳದು. ಅವಳ ಕಣ್ಣೀರು ಬೀಳದ ಹಾಗೆ ಸೊಸೆ ಪಾತ್ರೆಯನ್ನು ಸ್ವಲ್ಪ ಆಚೆಗೆ ಜರುಗಿಸಿದಳು, ಉಪ್ಪು ಆಗಲೇ ಹಾಕಿಯಾಗಿತ್ತು.

ಎಲ್ಲರೂ ಒಟ್ಟಿಗೆ ಕೂತೆವು, ಯಜಮಾನರು, ಮಗ, ಸೊಸೆ, ನಾನು, ನನ್ನ ಬಲಕ್ಕೆ ಅವಳು. ಮುದ್ದೆಯ ತುಂಬ ಗಂಟು. ಒಳಗೆಲ್ಲ ಒಣ ಹಿಟ್ಟು. ಸಣ್ಣದೊಂದು ಗಂಟು ಸಿಕ್ಕಿದರೂ ತಟ್ಟೆ ತಳ್ಳಿ ಏಳುವ ನಮ್ಮ ಯಜಮಾನರು ಸಾರು ಹಾಕಿಸಿಕೊಂಡು, "ಇನ್ನರ್ಧ ಇಕ್ಕು" ಅಂದರು. ನಮ್ಮ ಕಡೆ ಮುದ್ದೆಯನ್ನು ಅಗಿಯುವವರಿಲ್ಲ, ನುಂಗುತ್ತೇವೆ. ಇವತ್ತು ಸಾಯಂಕಾಲ ನಮ್ಮ ಮನೆಯಲ್ಲಿ ಎಲ್ಲರೂ ಅಗಿದು ಅಗಿದು ಉಂಡೆವು.