ನೂರ ಎಂಬತ್ತು ಜೊತೆ ಕಾಲು, ಒಂದು ಹೊಸ ಪ್ರೊಸೆಸರು

ಪ್ರೊಸೆಸರ್ ಬದಲಾದರೆ ಹಳೆಯ ಪ್ರೋಗ್ರಾಮು ಓಡುತ್ತದೆಂಬ ಖಾತರಿಯಿಲ್ಲ. ಇದು ನಿಮಗೆ ಗೊತ್ತಿರಬೇಕಿತ್ತು. ನನಗಂತೂ ಗೊತ್ತೇ ಇತ್ತು; ಅದರ ಮೇಲೆ ಒಂದು ಅಂಕಣವನ್ನೇ ಬರೆದಿದ್ದೆ.

ಕಂಪ್ಯೂಟರ್ ಕಂಪನಿಯೊಂದು ತನ್ನ ಯಂತ್ರಗಳ ಪ್ರೊಸೆಸರನ್ನು, ಅಂದರೆ ಮಿದುಳನ್ನೇ, ಬದಲಿಸುತ್ತೇನೆಂದು ಸಾರಿದ ವಾರ ನಾನು ಕೆಂಡವಾಗಿದ್ದೆ. 'ಹೊಸ ಮಿದುಳಿಗೆ ಹಳೆಯ ಭಾಷೆ ಬಾರದು. ನಡುವೆ ಅನುವಾದಿಸುವ ಪ್ರೋಗ್ರಾಮೆಂಬ ಒಬ್ಬ ದುಭಾಷಿಯನ್ನು ಕೂರಿಸುತ್ತೀರಂತೆ. ಕೆಲವು ವರ್ಷ ಕಳೆದ ಮೇಲೆ ಅವನನ್ನೂ ಎಬ್ಬಿಸಿ ಕಳಿಸುತ್ತೀರಂತೆ. ಹಳೆಯದನ್ನು ಯಾರೂ ಕೈಬಿಡಬೇಡಿ! ಕಂಪನಿಯವರೇ, ಬಳಸುವವರನ್ನು ಒಂದು ಮಾತು ಕೇಳಿದಿರಾ?' ಎಂದು ಗುಡುಗಿದ್ದೆ. ಹೆಂಡತಿ ಅದನ್ನು ಕತ್ತರಿಸಿ ತನ್ನ ಕೆಲಸದ ಮೇಜಿನ ಎದುರು ಅಂಟಿಸಿದಳು. (ಇಪ್ಪತ್ತು ವರ್ಷದ ದಾಂಪತ್ಯದಲ್ಲಿ ನನಗೆ ಸಂದ ಏಕೈಕ ಪ್ರಶಸ್ತಿ.)

ಆಕೆ ಬೂಟು ಹೊಲಿಯುತ್ತಾಳೆ, ಎರಡು ಕಾಲೂ ಒಂದೇ ಅಳತೆಯಲ್ಲಿಲ್ಲದವರಿಗೆ. ನೂರ ಎಂಬತ್ತು ಜನರ ಪಾದದ ನಕ್ಷೆಗಳು ನಮ್ಮ ಹಳೆಯ ಕಂಪ್ಯೂಟರಿನಲ್ಲಿದ್ದವು. ಅವನ್ನು ತೆರೆಯುವ ಪ್ರೋಗ್ರಾಮು ಬರೆದವರು ಅಂಗಡಿ ಮುಚ್ಚಿ ಹನ್ನೆರಡು ವರ್ಷವಾಗಿದೆ.

ಶತ್ರುವಾದ ಆ ಹೊಸ ಯಂತ್ರವನ್ನು ಹತ್ತಿರದಿಂದ ನೋಡೋಣವೆಂದು ಒಂದು ಮಧ್ಯಾಹ್ನ ಕಂಪ್ಯೂಟರ್ ಅಂಗಡಿಗೆ ಹೋದೆ. ಕೆಟ್ಟಿದ್ದು ಅಲ್ಲೇ. ನಮ್ಮ ಹಳೆಯದು ಹಿಟ್ಟಿನ ಗಿರಣಿಯಂತೆ ಗರಗರ ಎನ್ನುತ್ತಿತ್ತು. ಇದಕ್ಕೆ ಉಸಿರಾಟವೇ ಇಲ್ಲ. ಅಂಗೈ ಇಟ್ಟೆ. ನದಿಯೊಳಗಿನ ಕಲ್ಲಿನಷ್ಟು ತಣ್ಣಗಿತ್ತು. ಆ ಮೌನದ ಆಳದಿಂದ ನಾನು ಇನ್ನೂ ಬರೆಯದ ವಾಕ್ಯಗಳೆಲ್ಲ ಮೀನುಗಳ ಹಾಗೆ ಮೆಲ್ಲಗೆ ಮೇಲೆದ್ದು ಬಂದವು, ಬೆಳಕಿನಲ್ಲಿ ಒಮ್ಮೆ ಹೊರಳಿದವು, ಬಾಲ ಅಲ್ಲಾಡಿಸಿ ನನ್ನನ್ನೇ ಕರೆದವು.

ಮರುದಿನ ಹೆಂಡತಿ ಚರ್ಮ ತರಲು ಹೋದಾಗ ಹಳೆಯದನ್ನು ಹೊತ್ತುಕೊಂಡು ಹೋಗಿ ಕೊಟ್ಟು, ಹೊಸದನ್ನು ತಂದೆ. ಫೈಲುಗಳನ್ನು ಒಂದೂ ಬಿಡದೆ ಕಾಪಿ ಮಾಡಿಸಿದ್ದೆ. ನಾನೇನು ಬೇಜವಾಬ್ದಾರಿ ಮನುಷ್ಯನೇ?

"ರೀ, ನನ್ನ ಕಾಲುಗಳೆಲ್ಲಿ?"

"ಕೆಳಗೇ ಇವೆಯಲ್ಲ."

"ಗಿರಾಕಿಗಳ ಕಾಲು ರೀ. ಒಂದೂ ತೆರೀತಾ ಇಲ್ಲ."

"ಒಳಗೆ ದುಭಾಷಿ ಇದಾನೆ. ಸ್ವಲ್ಪ ತಾಳು."

ತಾಳಿದೆವು. ಪ್ರೋಗ್ರಾಮು ತೀರಾ ಹಳೆಯದು, ದುಭಾಷಿಗೂ ಈ ಭಾಷೆ ಬಾರದು ಎಂದು ಪರದೆ ಬಹಳ ವಿನಯದಿಂದ ತಿಳಿಸಿತು.

"ಕಾಗದದ ನಕ್ಷೆ ಇತ್ತಲ್ಲ?" ಅಂದೆ.

"ಎಲ್ಲಾ ಕಂಪ್ಯೂಟರಲ್ಲಿದೆ, ಈ ಕಸ ಯಾಕೆ ಅಂತ ಹೋದ ವರ್ಷ ರದ್ದಿಗೆ ಹಾಕಿದ್ದು ಯಾರು?"

(ಈ ಪ್ರಶ್ನೆ ಪ್ರಸ್ತುತ ಲೇಖನದ ವ್ಯಾಪ್ತಿಗೆ ಬರುವುದಿಲ್ಲ.)

"ಮೂರು ದಿನದಲ್ಲಿ ಲೆಕ್ಕದ ಟೀಚರ್ ಬೂಟು ಕೊಡಬೇಕು. ಎಡಗಾಲು ಒಂದು ಇಂಚು ಗಿಡ್ಡ, ಹಳೇ ಬೂಟಿನ ಅಟ್ಟೆ ಕಿತ್ತು ಬಂದಿದೆ. ದಿನಕ್ಕೆ ಆರು ಗಂಟೆ ಬೋರ್ಡಿನ ಮುಂದೆ ನಿಲ್ಲೋರು. ಹೇಗೆ ನಿಲ್ತಾರೆ, ನೀವೇ ಹೇಳಿ."

ಅಂಗಡಿಗೆ ಓಡಿದೆ. ಹಳೆಯದು ಒಂದೇ ಗಂಟೆಯಲ್ಲಿ ಕೈ ಬದಲಾಗಿತ್ತು.

"ಪೂರ್ತಿ ಅಳಿಸಿ ಕೊಟ್ಟೆ ಸಾರ್," ಅಂದ ಅಂಗಡಿಯವನು. "ಈಗ ಹಳೇದು ಒಂದೂ ಉಳಿದಿಲ್ಲ, ಜನ ಸಾಲು ನಿಂತಿದಾರೆ. ಯಾರೋ ಪೇಪರಲ್ಲಿ ಬರೆದಿದ್ರಂತೆ, ಕೈಬಿಡಬೇಡಿ ಅಂತ."

ಮನೆಗೆ ಬಂದಾಗ ಮೇಜಿನ ಮೇಲೆ ಒಂದು ರಾಶಿ ಕಾಗದ, ಒಂದು ಪೆನ್ಸಿಲ್ಲು, ನೂರ ಎಂಬತ್ತು ವಿಳಾಸ ಕಾದಿದ್ದವು.

"ಬಳಸುವವರನ್ನು ಒಂದು ಮಾತು ಕೇಳಿದಿರಾ?" ಎಂದಳು ಹೆಂಡತಿ, ಗೋಡೆ ನೋಡಿ ಓದುತ್ತ. ದನಿ ಏರಿಸಲಿಲ್ಲ. ನನ್ನ ವಾಕ್ಯ ಅಷ್ಟು ಚೆನ್ನಾಗಿದೆಯೆಂದು ನನಗೂ ಆಗಲೇ ತಿಳಿದದ್ದು. "ಹೋಗಿ ಒಂದೊಂದು ಕಾಲಿನ ನಕ್ಷೆನೂ ಬರ್ಕೊಂಡು ಬನ್ನಿ. ಪೆನ್ಸಿಲ್ ನೆಟ್ಟಗಿರಲಿ."

ಮೊದಲ ಮನೆ ಟೀಚರದು. ನೆಲದ ಮೇಲೆ ಮಂಡಿಯೂರಿದೆ. ಅವರು ಕಾಗದದ ಮೇಲೆ ಎಡಗಾಲಿಟ್ಟರು.

"ನಿಮ್ಮ ಅಂಕಣ ಓದಿದೆ. ಬಳಸೋರ ಪರವಾಗಿ ಒಬ್ಬರಾದರೂ ಇದಾರಲ್ಲ ಅಂತ ಸಮಾಧಾನ ಆಯ್ತು."

"ಅಲ್ಲಾಡಬೇಡಿ ಮೇಡಂ," ಅಂದೆ, ತಲೆ ಎತ್ತದೆ.

ಆ ನಕ್ಷೆ ಹಿಡಿದು ಹೆಂಡತಿ ಎರಡು ದಿನ ಕೂತಲ್ಲಿಂದ ಏಳದೆ ಬೂಟು ಮುಗಿಸಿದಳು. ಟೀಚರ್ ನಿಂತಿದ್ದಾರೆ. ಬಾಗಿರುವವನು ನಾನು.

ಈಗ ಇಪ್ಪತ್ತೆರಡು ಮನೆ ಮುಗಿದಿವೆ. ಮಧ್ಯಾಹ್ನ ಹೊಸ ಯಂತ್ರದ ಮೌನದೆದುರು ಕೂತರೆ ಕಣ್ಣು ತಾನಾಗಿ ಮುಚ್ಚುತ್ತದೆ. ಮೀನುಗಳು ಬರುವುದಿಲ್ಲ. ಪಾದಗಳು ಬರುತ್ತವೆ, ಮೋಡಗಳಂತೆ, ಒಂದು ಚಿಕ್ಕದು ಒಂದು ದೊಡ್ಡದು, ಜೊತೆಜೊತೆಯಾಗಿ, ಯಾವ ಅವಸರವೂ ಇಲ್ಲದೆ. ನನ್ನ ಮೇಲೆ ಬಂದಾಗ ಒಂದು ಕ್ಷಣ ನಿಂತು ಹೆಬ್ಬೆರಳು ಅಲ್ಲಾಡಿಸಿ ಮುಂದೆ ಸಾಗುತ್ತವೆ.

ಓದುಗರೇ, ಮನೆಯ ಯಂತ್ರ ಬದಲಿಸುವ ಮುನ್ನ ಎದ್ದು ಪಕ್ಕದ ಕೋಣೆಗೆ ಹೋಗಿ ಒಂದು ಮಾತು ಕೇಳಿ. ಇನ್ನು, ನೀವು ಉಳಿದ ನೂರ ಐವತ್ತೆಂಟರಲ್ಲಿ ಒಬ್ಬರಾಗಿದ್ದರೆ, ಬಾಗಿಲು ತೆಗೆಯುವ ಮೊದಲು ದಯವಿಟ್ಟು ಕಾಲು ತೊಳೆದುಕೊಳ್ಳಿ. ಎರಡೂ ಕಾಲು.