ಪೆನ್ನಿಲ್ಲದ ಮನೆ

ದಿವಾಳಿಯಾದವನಿಗೆ ನಿದ್ದೆ ಬರುವುದಿಲ್ಲ ಅಂತಾರೆ. ನನಗೆ ಚೆನ್ನಾಗಿಯೇ ಬರುತ್ತಿತ್ತು. ನಿದ್ದೆ ಹಾರಿಹೋದದ್ದು ಮತ್ತೆ ಮರ್ಯಾದಸ್ಥನಾಗಲು ಹೊರಟ ಮೇಲೆ. ಅಲ್ಲಿಂದೀಚೆಗೆ ಎದೆ ಧಸಕ್ಕೆನ್ನುವಂಥದ್ದು ಏನಾದರೊಂದು ಆಗುತ್ತಲೇ ಇದೆ.

ಸಾಲ ಮಾಡಿ, ಒಳ್ಳೇವರಾಗಿ

ಹೊಳೆನರಸೀಪುರದಲ್ಲಿ ನನ್ನದೊಂದು ಶಾಮಿಯಾನದ ಅಂಗಡಿ ಇತ್ತು. ಮದುವೆಗಳೆಲ್ಲ ಕಲ್ಯಾಣಮಂಟಪಕ್ಕೆ ಹೋದವು, ನಾನು ಕೋರ್ಟಿಗೆ ಹೋದೆ. ದಿವಾಳಿ ಅಂತ ಆದೇಶವಾಗಿ ಕೇಸು ಮುಗಿಯಿತು. ಇನ್ನು ಒಂದು ಗೂಡ್ಸ್ ಆಟೋ ಸಿಕ್ಕರೆ ಬದುಕು ಉರುಳುತ್ತದೆ ಅಂತ ಹಾಸನದ ಬ್ಯಾಂಕಿಗೆ ಹೋದೆ. ಮ್ಯಾನೇಜರು ಕಂಪ್ಯೂಟರಿನಲ್ಲಿ ನನ್ನ ಕ್ರೆಡಿಟ್ ಸ್ಕೋರ್ ನೋಡಿ, ಸಾವಿನ ಮನೆಗೆ ಬಂದವರ ಹಾಗೆ ಮುಖ ಮಾಡಿದರು.

"ಈಗ ನಂಗೆ ಒಂದು ರೂಪಾಯಿ ಸಾಲ ಇಲ್ಲ ಸಾ" ಅಂದೆ ಹೆಮ್ಮೆಯಿಂದ.

"ಅದೇ ಕಣ್ರೀ ತೊಂದರೆ. ಮೊದಲು ಎಲ್ಲಾದ್ರೂ ಸಣ್ಣದೊಂದು ಸಾಲ ಮಾಡಿ, ತಪ್ಪದೆ ಕಂತು ಕಟ್ಟಿ. ಆಮೇಲೆ ನಂಬ್ತೀವಿ."

ದಂಗಾಗಿ ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಅಯ್ಯೋ, ಕುಡಿಯಾದು ಬಿಟ್ಟೋನ್ಗೆ ದಿನಾ ಒಂದು ಕ್ವಾಟ್ರು ಕುಡಿ ಅಂದಂಗಾಯ್ತಲ್ರೀ!" ಅಂದಳು.

ಶುಕ್ರವಾರದ ಲಕ್ಷ್ಮಿ

ಚನ್ನರಾಯಪಟ್ಟಣದ ಅಂಗಡಿಯಲ್ಲಿ ಕಾಡಿ ಬೇಡಿ ಕಂತಿನ ಮೇಲೆ ಮಿಕ್ಸಿ ತಂದೆ. ಒಂದು ಕಂತಿನ ದಿನ ಶುಕ್ರವಾರ ಬಿತ್ತು. "ಶುಕ್ರವಾರ ಲಕ್ಷ್ಮೀನ ಯಾರಾದ್ರೂ ಆಚೆ ಕಳಿಸ್ತಾರಾ?" ಅಂತ ಹೆಂಡತಿ ದುಡ್ಡಿಗೆ ಕುಂಕುಮ ಇಟ್ಟು ದೇವರ ಮುಂದಿಟ್ಟಳು. ಶನಿವಾರ ಕಟ್ಟಲು ಹೋದರೆ ದಂಡ ಬಿದ್ದಿದೆ. ಆಮೇಲೆ ನೋಡಿದರೆ ಸ್ಕೋರೂ ಇಳಿದಿದೆ! ನಮ್ಮ ಕಡೆ ಶುಕ್ರವಾರ ಯಾರು ದುಡ್ಡು ಕೊಡುತ್ತಾರೆ ಅಂತ ಅಂಗಡಿಯವನನ್ನು ಕೇಳಿದೆ.

"ನಾನೂ ಕೊಡಾಕಿಲ್ಲ ಕಣಣ್ಣ" ಅಂದ. "ಆದ್ರೆ ಕಂಪ್ಯೂಟ್ರು ನಮ್ ಕಡೇದಲ್ವಲ್ಲ!"

ಕೊಣನೂರಿನ ಬೀಗರೂಟ

ಸ್ಕೋರು ಚೇತರಿಸಿಕೊಂಡಿತು ಅನ್ನುವಷ್ಟರಲ್ಲಿ ಮತ್ತೆ ಕುಸಿಯಿತು. ವಿಚಾರಿಸಿದರೆ, ನಾನು ಯಾರದೋ ಬೈಕ್ ಸಾಲಕ್ಕೆ ಜಾಮೀನು ನಿಂತಿದ್ದೇನೆ, ಅವನು ಕಂತು ಕಟ್ಟಿಲ್ಲ! ಆಮೇಲೆ ನೆನಪಾಯಿತು: ಕೊಣನೂರಿನಲ್ಲಿ ಬೀಗರೂಟ ಮುಗಿಸಿ ಎಲೆಅಡಿಕೆ ಮೆಲ್ಲುತ್ತಿದ್ದಾಗ ನೆಂಟನೊಬ್ಬ "ಒಂದು ಸೈನ್ ಹಾಕಣ್ಣ" ಅಂದಿದ್ದ, ಹಾಕಿದ್ದೆ. ದಾಕ್ಷಿಣ್ಯ ನೋಡಿ, ಉಂಡ ಬಾಯಲ್ಲಿ ಇಲ್ಲ ಅನ್ನಲಾದೀತೇ? ಫೋನ್ ಮಾಡಿ, ಯಾಕಪ್ಪಾ ಕಟ್ಟಿಲ್ಲ ಅಂದೆ.

"ನೀನಿದ್ದೀಯಲ್ಲ ಅಂತ ಧೈರ್ಯ ಕಣಣ್ಣ!" ಅಂದ.

ಅವನ ಮನೆ ಜಗುಲಿಯಲ್ಲಿ ಕೂತು ಕಟ್ಟಿಸಿ ಬಂದೆ. ಅಷ್ಟರಲ್ಲಿ ಹೆಂಡತಿ ನಮ್ಮ ಮನೆಯಲ್ಲಿದ್ದ ಪೆನ್ನುಗಳನ್ನೆಲ್ಲ ಗುಡಿಸಿ ಬೀದಿಗೆ ಎಸೆದಿದ್ದಳು.

ಅರಕಲಗೂಡಿನ ಸಾಹುಕಾರರು

ಅಂತೂ ಸ್ಕೋರು ಏರಿತು, ಸಾಲ ಸಿಕ್ಕಿತು, ಆಟೋ ಬಂದು ಮನೆ ಮುಂದೆ ನಿಂತಿತು. ಅದಕ್ಕೆ ಹಾಕಿದ ಹಾರ ಬಾಡುವ ಮೊದಲೇ ಅರಕಲಗೂಡಿನ ಬಡ್ಡಿ ಸಾಹುಕಾರರು ಬಂದರು. ನನ್ನನ್ನು ಕೋರ್ಟಿಗೆ ಎಳೆದವರು ಇವರೇ. "ಈ ಮನೆಗೆ ಬೆಂಕಿಕಡ್ಡೀನೂ ಕಡ ಕೊಡಬ್ಯಾಡಿ" ಅಂತ ನಮ್ಮ ಬೀದಿಯಲ್ಲಿ ನಿಂತು ಕೂಗಿದವರೂ ಇವರೇ. ಈಗ ಕೈಯಲ್ಲಿ ಬಾಳೆಹಣ್ಣು, ಎಲೆಅಡಿಕೆ!

"ಬ್ಯಾಂಕ್ನೋರು ನಂಗೆ ಸಾಲ ಇಲ್ಲ ಅಂದ್ಬುಟ್ರು ಕಣಪ್ಪ. ಬ್ಯಾಂಕಿನ ತಾವ ಹೋಗ್ದೆ ಎಲ್ಲಾ ಜೇಬಲ್ಲೇ ನಡೆಸ್ದೋನು, ನಂಗೆ ಸ್ಕೋರೇ ಇಲ್ವಂತೆ. ಸ್ಕೋರ್ ಇರೋರು ಜಾಮೀನು ಆಗ್ಬೇಕಂತೆ. ನೀನೊಂದು ಸೈನ್ ಹಾಕು."

ಸಹಿ ಹಾಕಿದರೆ ಆಟೋಗೇ ಸಂಚಕಾರ ಅಂತ ಗೊತ್ತು. ಆದರೂ ಹಾಳು ದಾಕ್ಷಿಣ್ಯ, ಕೈ ತಾನಾಗಿ ಮುಂದೆ ಹೋಯಿತು.

"ಮನೇಲಿ ಪೆನ್ನಿಲ್ಲ ಸಾಹುಕಾರ್ರೆ" ಅಂತ ತೊದಲಿದೆ.

"ಅದ್ಕೇನಂತೆ, ನನ್ತಾವ ಐತೆ" ಅಂತ ಜೇಬಿನಿಂದ ತೆಗೆದು ಚಾಚಿದರು.

ಒಳಗೆ ಗಿರಗುಟ್ಟುತ್ತಿದ್ದ ಮಿಕ್ಸಿ ನಿಂತಿತು. ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು.

"ಬ್ಯಾಡಿ ಸಾಹುಕಾರ್ರೆ, ಒಳಗಿಟ್ಕಳಿ. ಕಡ್ಡೀನೂ ಕಡ ಕೊಡಬಾರ್ದ ಮನೆ ಇದು. ಪೆನ್ ಕೊಟ್ರೆ ವಾಪಸ್ ಬತ್ತದೆ ಅಂತ ಏನ್ ಗ್ಯಾರಂಟಿ? ಮೊದ್ಲು ಅದಕ್ಕೊಬ್ಬ ಜಾಮೀನುದಾರನ್ನ ಕರ್ಕಬನ್ನಿ!"