ಕಾಮಠಿಗೆ ಹೋಗಬೇಕಿದ್ದ ಓವನ್

ಭಾನುವಾರ ಬೆಳಿಗ್ಗೆ ಕಾಫಿ ಲೋಟ ಕೆಳಗಿಡುವ ಮೊದಲೇ ಅಂಬುಜಾ ತೀರ್ಪು ಕೊಟ್ಟುಬಿಟ್ಟಳು.

"ಇವತ್ತು ನಾನು ಕಾಮಠಿಗೆ, ಮೃಣಾಲಿನಿ ಮನೆಗೆ ಹೋಗ್ತಿದ್ದೀನಿ. ಸಂಜೆ ಅವಳೇ ಕಾರಲ್ಲಿ ತಂದು ಬಿಡ್ತಾಳೆ. ವಾಪಸ್ ಹೋಗುವಾಗ ನಿಮ್ಮ ಓವನ್ನ ತಗೊಂಡು ಹೋಗ್ತಾಳೆ."

"ನನ್ನ ಓವನ್ನೇ?" ಎಂದರು ಬಾಲಸುಬ್ರಹ್ಮಣ್ಯ. ಕೈಯಲ್ಲಿದ್ದ ಪೇಪರು ಮಂಡಿಯ ಮೇಲೆ ಕುಸಿಯಿತು.

"ನಿಮ್ದೇ. ದಸರಾ ಸೇಲಲ್ಲಿ ತಂದ್ರಿ, ಒಂದು ಕೇಕ್ ಮಾಡಿದ್ರಿ. ಆ ಕೇಕನ್ನ ತಿಂಗಳುಗಟ್ಟಲೆ ಬಾಲ್ಕನಿ ಬಾಗಿಲಿಗೆ ಅಡ್ಡ ಇಟ್ಟಿದ್ವಿ, ಇರುವೆ ಕೂಡ ಮುಟ್ಟಲಿಲ್ಲ. ಆವತ್ತಿಂದ ಅರ್ಧ ಕಟ್ಟೆ ಹಿಡ್ಕೊಂಡು ಕೂತಿದೆ. ನಾನು ಚಪಾತಿ ಎಲ್ಲಿ ಲಟ್ಟಿಸ್ಲಿ, ನಿಮ್ಮ ತಲೆ ಮೇಲಾ?"

ಮೃಣಾಲಿನಿ ಅಂಬುಜಾಳ ತಂಗಿ. ಗಂಡ ಸೈನ್ಯದಲ್ಲಿ ಅಧಿಕಾರಿ, ಈಗ ನಾಗಪುರದ ಪಕ್ಕದ ಕಾಮಠಿಯಲ್ಲಿ ಪೋಸ್ಟಿಂಗ್. ಅಕ್ಕನ ಮನೆಗೆ ಬಂದಾಗಲೆಲ್ಲ ಆ ಓವನ್ನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಪಾಪ, ಸುಮ್ನೆ ಕೂತಿದೆ" ಎಂದು ನಿಟ್ಟುಸಿರು ಬಿಡದೆ ಹೋದವಳಲ್ಲ.

ಬಾಲಸುಬ್ರಹ್ಮಣ್ಯರ ಸಂಕಟ ಬೇರೆಯವರಿಗೆ ಅರ್ಥವಾಗುವಂಥದ್ದಲ್ಲ. ಹಿಂಗಣಾದ ಕಾರ್ಖಾನೆಯೊಂದರಲ್ಲಿ ಅವರು ತಯಾರಾದ ಮಾಲು ಪರೀಕ್ಷಿಸುವವರು. ವಾರವಿಡೀ ಇನ್ನೊಬ್ಬರು ಮಾಡಿದ್ದನ್ನು ತಿರುಗಿಸಿ ನೋಡಿ "ರಿಜೆಕ್ಟ್" ಎನ್ನುವುದೇ ಕೆಲಸ. ತಾನೂ ಕೈಯಾರೆ ಏನಾದರೊಂದು ಮಾಡಬೇಕು, ಅದನ್ನು ನೋಡಿ ನಾಲ್ಕು ಜನ "ಪಾಸ್" ಎನ್ನಬೇಕು ಎಂಬ ಆಸೆಯಿಂದ ತಂದ ಓವನ್ ಅದು. ಮೊದಲ ದಿನವೇ ಅದಕ್ಕೆ ವಿಘ್ನ. ಗಾಜಿನ ಬಾಗಿಲ ಮೇಲೆ ಕಂಪನಿಯವರು ಇಡೀ ಹುರಿದ ಕೋಳಿಯ ಚಿತ್ರ ಅಂಟಿಸಿದ್ದರು. ಕೀಳಲು ಹೋದರೆ ಅರ್ಧ ಕೋಳಿ ಹಾಗೇ ಉಳಿಯಿತು. ಸಸ್ಯಾಹಾರಿ ಅಂಬುಜಾ ಮರುಮಾತಾಡದೆ ಕ್ಯಾಲೆಂಡರಿನ ಮಹಾಲಕ್ಷ್ಮಿಯನ್ನು ಕತ್ತರಿಸಿ ಅದರ ಮೇಲೆ ಅಂಟಿಸಿಬಿಟ್ಟಳು. ಒಳಗೇನಿದೆ ಎಂಬುದು ಅಂದಿನಿಂದ ಆ ತಾಯಿಗೇ ಗೊತ್ತು.

ಹೊರಡುವಾಗ ಅಂಬುಜಾ ಬಾಗಿಲಲ್ಲಿ ನಿಂತು ಎಚ್ಚರಿಸಿದಳು. "ಹಿಂದಿನ ಬೀದೀಲಿ ಮೊನ್ನೆ ಹಾಡಹಗಲೇ ಕಳ್ಳತನ ಆಗಿದೆ. ನೀವೋ ಬಾಗಿಲು ತೆರೆದಿಟ್ಟು ಗೊರಕೆ ಹೊಡೆಯೋರು. ಕಳ್ಳ ಬಂದ್ರೆ ಬೀರು ತೆಗೆದು ತೋರಿಸಿ, ಅದ್ರಲ್ಲೇನೂ ಇಲ್ಲ."

"ಆಯ್ತು" ಎಂದರು ಬಾಲಸುಬ್ರಹ್ಮಣ್ಯ. ಅವರ ಲಕ್ಷ್ಯವೆಲ್ಲ ಅಡುಗೆಮನೆಯ ಕಡೆಗಿತ್ತು. ಸಂಜೆಯೊಳಗೆ ಆ ಓವನ್ನಿನಿಂದ ಬಾಯಿ ಚಪ್ಪರಿಸುವಂಥದ್ದೊಂದು ಹೊರಬಂದರೆ, ಅದನ್ನು ಕಾರಿಗೇರಿಸುವ ಧೈರ್ಯ ಯಾರಿಗಿದೆ?

ಏನು ಮಾಡುವುದೆಂದು ಹೆಚ್ಚು ಯೋಚಿಸಬೇಕಾಗಿರಲಿಲ್ಲ. ತಮ್ಮ ಸೈನ್ಯಾಧಿಕಾರಿಗಳ ಮೆಸ್ಸಿನ ಪಾರ್ಟಿಯಲ್ಲಿ ಕೊಡುವ ನಟ್ ಟಾರ್ಟ್‌ಗಳನ್ನು ಮೃಣಾಲಿನಿ ಹೊಗಳಿ ಹೊಗಳಿ ಎಲ್ಲರ ಕಿವಿ ತೂತು ಮಾಡಿದ್ದಳು. ಎರಡು ಬೆರಳು ಅಗಲದ ಪುಟ್ಟ ಬಿಸ್ಕತ್ತಿನ ಬಟ್ಟಲು, ಅದರ ಹೊಟ್ಟೆಯಲ್ಲಿ ಸಕ್ಕರೆ ಬೆಣ್ಣೆಯೊಂದಿಗೆ ಬೆಂದ ಗೋಡಂಬಿ, ಬಾದಾಮಿ, ಅಕ್ರೋಟು. ಮೊಬೈಲಿನ ವಿಡಿಯೋದಲ್ಲಿ ಒಬ್ಬಾಕೆ ನಗುನಗುತ್ತ ಅದನ್ನು ಮಾಡಿ ಮುಗಿಸಿದ್ದಳು.

ಆಕೆ ನಾಗಪುರದ ಮೇ ತಿಂಗಳಲ್ಲಿ ಮಾಡಿರಲಿಲ್ಲ. "ಗಟ್ಟಿ ಬೆಣ್ಣೆಯನ್ನು ಮೈದಾಕ್ಕೆ ಬೆರಳ ತುದಿಯಿಂದ ಉಜ್ಜಿ" ಎಂದಳು. ಬಾಲಸುಬ್ರಹ್ಮಣ್ಯರು ಫ್ರಿಜ್ಜಿನಿಂದ ತೆಗೆದ ಬೆಣ್ಣೆ ಮೈದಾದ ಬಟ್ಟಲು ಸೇರುವಷ್ಟರಲ್ಲಿ ತುಪ್ಪವಾಗಿತ್ತು. ಹಿಟ್ಟು ಕೈಗಂಟಿತು, ಕೈ ಕನ್ನಡಕಕ್ಕಂಟಿತು. ಹೇಗೋ ಉಂಡೆ ಕಟ್ಟಿ ಫ್ರಿಜ್ಜಿಗೆ ತಳ್ಳಿದರು. "ಹಿಟ್ಟು ತಣ್ಣಗಾಗುವಷ್ಟರಲ್ಲಿ ಓವನ್ ಬಿಸಿಗಿಡಿ" ಎಂದಳು ಮೊಬೈಲಿನಾಕೆ. ಮಹಾಲಕ್ಷ್ಮಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿ ಗುಬುಟು ತಿರುಗಿಸಿದರು.

ಟಪ್ ಎಂದಿತು ಎಲ್ಲೋ ಕೆಳಗೆ. ಕೂಲರ್ ನಿಂತಿತು. ತಮ್ಮದೊಂದೇ ಅಲ್ಲ, ಎದುರು ಮನೆಯದು, ಮೇಲಿನ ಮನೆಯದು, ಇಡೀ ಕಟ್ಟಡದ ಕೂಲರುಗಳು ಒಟ್ಟಿಗೆ ಉಸಿರು ನಿಲ್ಲಿಸಿದವು. ನಾಗಪುರದ ಮಧ್ಯಾಹ್ನದಲ್ಲಿ ಕೂಲರ್ ನಿಂತರೆ ಜನ ಮನೆಯೊಳಗಿರುವುದಿಲ್ಲ. ಮೆಟ್ಟಿಲ ಮೇಲೆ ಚಪ್ಪಲಿಗಳ ಸದ್ದು ಶುರುವಾಯಿತು.

ಮೊದಲು ಕಾಣಿಸಿದ್ದು ಎದುರು ಮನೆಯ ವಾನಖೇಡೆ ಕಾಕು. ಗಂಡನ ನೌಕರಿಯ ದೆಸೆಯಿಂದ ಬಹಳ ವರ್ಷ ಬೆಳಗಾವಿಯಲ್ಲಿದ್ದು ಬಂದವರು, ಕನ್ನಡ ಮಾತಾಡುವ ಅವಕಾಶ ಸಿಕ್ಕರೆ ಬಿಡುವವರಲ್ಲ. "ಏನ್ರೀ ಬಾಲುಭಾವೂ, ನಿಮ್ಮನಿಯಾಗೂ ಲೈಟ್ ಹೋಗೇತೇನು? ನಮ್ಮವರು ಈಗರ ಉಂಡು ಮಲಗಿದ್ರು, ಎದ್ದು ನನ್ನ ಮ್ಯಾಲೆ ಜಗಳಕ್ಕ ನಿಂತಾರ!"

"ನಮ್ಮಲ್ಲೂ ಹೋಗಿದೆ ಕಾಕು" ಎಂದರು ಬಾಲಸುಬ್ರಹ್ಮಣ್ಯ, ಕೈಯ ಹಿಟ್ಟನ್ನು ಬೆನ್ನ ಹಿಂದೆ ಅಡಗಿಸುತ್ತ.

ಅಷ್ಟರಲ್ಲಿ ಮೇಲಿನ ಮನೆಯ ಬೋಪಣ್ಣ ಬನಿಯನ್ನಿನಲ್ಲೇ ಇಳಿದು ಬಂದರು. ವಾಯುಸೇನೆಯಿಂದ ನಿವೃತ್ತರಾಗಿ ನಾಗಪುರದಲ್ಲೇ ನೆಲೆಯೂರಿದ ಕೊಡಗಿನವರು. ಸ್ಕ್ರೂಡ್ರೈವರ್ ಹಿಡಿಯದೆ ಮನೆಯಿಂದ ಹೊರಬಿದ್ದ ದಾಖಲೆಯಿಲ್ಲ. ನೇರ ಕೆಳಗೆ ಹೋಗಿ ಮೇನ್ ಬೋರ್ಡಿನಲ್ಲಿ ಹೊಸ ಫ್ಯೂಸ್ ತಂತಿ ಹಾಕಿದರು. ಕೂಲರುಗಳು ಒಮ್ಮೆ ಗುರ್ ಎಂದವು. ಗಾಬರಿಯಲ್ಲಿ ಬಾಲಸುಬ್ರಹ್ಮಣ್ಯರು ಗುಬುಟು ಆರಿಸುವುದನ್ನೇ ಮರೆತಿದ್ದರು. ಮತ್ತೆ ಟಪ್!

ಈ ಸಲ ಬೋಪಣ್ಣ ಒಂದೊಂದೇ ಮನೆ ಶೋಧಿಸುತ್ತ ಬಂದರು. ಬಾಲಸುಬ್ರಹ್ಮಣ್ಯರ ಅಡುಗೆಮನೆಯಲ್ಲಿ ನಿಂತು ಓವನ್ನನ್ನೂ ಹಿಟ್ಟು ಮೆತ್ತಿದ ಕನ್ನಡಕವನ್ನೂ ನೋಡಿದರು. ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಂಡರು.

"ಬಾಲು ಅವರೇ, ಇದು ಅಜ್ಜನ ಕಾಲದ ಲೈನು. ಎಲ್ಲರ ಕೂಲರ್ ಎಳೆಯೋದೇ ಅದಕ್ಕೆ ಭಾರ. ಇದನ್ನ ಇನ್ನೊಮ್ಮೆ ಹಚ್ಚಿದ್ರೆ ನಾನು ಸುಮ್ಮನಿರಲ್ಲ."

ಬಾಲಸುಬ್ರಹ್ಮಣ್ಯರಿಗೆ ಅಳುವೇ ಬಂದಂತಾಯಿತು. ಇದ್ದ ವಿಷಯವನ್ನೆಲ್ಲ ಹೇಳಿಬಿಟ್ಟರು. ಸಂಜೆ ಓವನ್ ಕಾಮಠಿಗೆ ಹೋಗುವುದು, ಅದನ್ನು ಉಳಿಸಿಕೊಳ್ಳಲು ಟಾರ್ಟ್ ಮಾಡಹೊರಟದ್ದು, ಬಾಗಿಲಿಗೆ ಅಡ್ಡ ಇಟ್ಟ ಕೇಕಿನ ಅವಮಾನ, ಎಲ್ಲ.

ಹಿಂದೆಯೇ ಬಂದು ನಿಂತಿದ್ದ ಕಾಕುವಿನ ಮನಸ್ಸು ಕರಗಿತು. "ಅಯ್ಯ, ಇಷ್ಟಕ್ಕ ಇಷ್ಟ್ಯಾಕ ಚಿಂತಿ? ನಾ ನಾನ್‌ಖಟಾಯಿ ಎಲ್ಲಾ ಕುಕ್ಕರಿನ್ಯಾಗ ಮಾಡ್ತೀನಿ. ತಳಕ್ಕ ಉಪ್ಪು ಹಾಕ್ರಿ, ಗ್ಯಾಸ್ಕೆಟ್ ತಗೀರಿ, ಸೀಟಿ ತಗೀರಿ. ನಿಮ್ಮ ಓವನ್ನಿಗಿಂತ ಬರೋಬರ್ ಆಗ್ತಾವ."

"ಆದ್ರೆ ಓವನ್ನಲ್ಲೇ ಆಗ್ಬೇಕಲ್ಲ ಕಾಕು?"

"ತಿನ್ನೋರಿಗೆ ಹೆಂಗ ಗೊತ್ತಾಗತೈತಿ?"

ಹೌದಲ್ಲ, ಎನಿಸಿತು ಬಾಲಸುಬ್ರಹ್ಮಣ್ಯರಿಗೆ. ಬೋಪಣ್ಣ ಕೆಳಗಿಳಿದು ಮತ್ತೆ ಫ್ಯೂಸ್ ಹಾಕಿ ಬಂದರು. ಅಲ್ಲಿಂದ ಅಡುಗೆಮನೆ ಅವರ ಕೈಯಲ್ಲಿ ಉಳಿಯಲಿಲ್ಲ. ದೊಡ್ಡ ಕುಕ್ಕರಿಗೆ ಉಪ್ಪು ಬಿತ್ತು. ಟಾರ್ಟಿನ ಅಚ್ಚಿಲ್ಲವೆಂದು ಇಡ್ಲಿ ಸ್ಟ್ಯಾಂಡ್ ಬಂತು. ಗುಳಿಗೊಂದರಂತೆ ಹಿಟ್ಟಿನ ಬಟ್ಟಲು ಒತ್ತಿದ್ದಾಯಿತು. ಹೂರಣಕ್ಕೆ ಕಾಕು ಹೇಳದೆ ಕೇಳದೆ ಜಾಯಿಕಾಯಿ ತುರಿದರು, ತಮ್ಮ ಮನೆಯ ಕಿತ್ತಳೆ ಬರ್ಫಿಯನ್ನೂ ಪುಡಿಮಾಡಿ ಉದುರಿಸಿದರು. "ವಿಡಿಯೋದಲ್ಲಿ ಇದೆಲ್ಲ ಇಲ್ಲ" ಎಂದರೆ ಕೇಳುವವರು ಯಾರು?

"ಉರಿ ದೊಡ್ಡದು ಮಾಡಿ" ಎಂದರು ಬೋಪಣ್ಣ. "ಸಣ್ಣದು ಇರ್ಲಿ" ಎಂದರು ಕಾಕು. ಒಬ್ಬರು ಹೆಚ್ಚಿಸಿದ್ದನ್ನು ಇನ್ನೊಬ್ಬರು ಇಳಿಸಿದ್ದರಿಂದ ಮೊದಲ ಸುತ್ತಿನ ಟಾರ್ಟ್‌ಗಳು ತಳದಲ್ಲಿ ಇದ್ದಿಲು, ಮೇಲೆ ಹಸಿ. ಬಾಲಸುಬ್ರಹ್ಮಣ್ಯರು ಅಭ್ಯಾಸಬಲದಿಂದ "ರಿಜೆಕ್ಟ್" ಎಂದರು. ಬೋಪಣ್ಣ ಅವನ್ನೂ ಬಿಡದೆ ತಿಂದರು. "ಪರೀಕ್ಷೆ ಅಂದ್ಮೇಲೆ ಪೂರ್ತಿ ಮಾಡ್ಬೇಕು."

ಎರಡನೆಯ ಸುತ್ತಿಗೆ ಬಾಲಸುಬ್ರಹ್ಮಣ್ಯರು ಜೀವನದಲ್ಲಿ ಮೊದಲ ಬಾರಿಗೆ ದನಿ ಏರಿಸಿ ಇಬ್ಬರನ್ನೂ ಹಾಲ್‌ಗೆ ಅಟ್ಟಿದರು. ಒಲೆಯ ಮುಂದೆ ಒಬ್ಬರೇ ಬೆವರು ಸುರಿಸುತ್ತ ನಿಂತರು. ಮುಚ್ಚಳ ತೆಗೆದಾಗ ಹೊಂಬಣ್ಣದ ಬಟ್ಟಲುಗಳು, ಮಿರಿಮಿರಿ ಮಿಂಚುವ ಗೋಡಂಬಿ, ಕಿತ್ತಳೆಯ ತೆಳು ಘಮ. ಬಾಯಿಗಿಟ್ಟರೆ ಕರುಂ ಎಂದು ಒಡೆದು ಒಳಗೆ ಕರಗಿತು. ಕಾಕು ಒಂದು ತಿಂದು ಕಣ್ಣು ಮುಚ್ಚಿದರು. ಬೋಪಣ್ಣ ಬಾಲಸುಬ್ರಹ್ಮಣ್ಯರ ಕೈ ಕುಲುಕಿದರು. ಬಾಲಸುಬ್ರಹ್ಮಣ್ಯರಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಉಪ್ಪನ್ನು ಡಬ್ಬಿಗೆ ಸುರಿದು, ಕುಕ್ಕರ್ ತೊಳೆದು, ಇಡ್ಲಿ ಸ್ಟ್ಯಾಂಡನ್ನು ಅದರ ಜಾಗಕ್ಕೆ ಸೇರಿಸಿದರು. ತಟ್ಟೆಯಲ್ಲಿ ಟಾರ್ಟ್ ಜೋಡಿಸಿ ಓವನ್ನಿನ ನೆತ್ತಿಯ ಮೇಲಿಟ್ಟರು, ಈಗಷ್ಟೇ ಅದರ ಹೊಟ್ಟೆಯಿಂದ ಇಳಿದವು ಎನ್ನುವ ಹಾಗೆ.

"ಕುಕ್ಕರ್ ಅನ್ನೋ ಮಾತೇ ಎತ್ತಬಾರದು" ಎಂದು ಇಬ್ಬರಿಂದಲೂ ಆಣೆ ಮಾಡಿಸಿಕೊಂಡರು.

ಸಂಜೆ ಅಕ್ಕ ತಂಗಿಯರು ಬಂದರು. ಹಿಂದೆಯೇ ಕಾಕು, ಬೋಪಣ್ಣ. ಇಂಥ ಆಟ ಬಿಟ್ಟಾರೆಯೇ? ಮೃಣಾಲಿನಿ ಬಂದವಳೇ ಘಮಕ್ಕೆ ಮೂಗರಳಿಸಿ, ಬಾಲಸುಬ್ರಹ್ಮಣ್ಯರು ಹಾಲ್‌ಗೆ ತಂದ ಪ್ಲೇಟಿನಿಂದ ಒಂದು ಟಾರ್ಟ್ ಬಾಯಿಗಿಟ್ಟಳು, ಇನ್ನೊಂದು, ಮತ್ತೊಂದು.

"ಭಾವ! ನಮ್ಮ ಮೆಸ್ಸಲ್ಲೂ ಇಷ್ಟು ಚೆನ್ನಾಗಿ ಮಾಡಲ್ಲ. ಅಕ್ಕಾ, ನಂಗೆ ಓವನ್ ಬೇಡ್ವೇ ಬೇಡ. ಇಂಥ ಕೈ ಇರೋರ ಹತ್ರ ಕಿತ್ಕೊಂಡ್ರೆ ಪಾಪ ಬರುತ್ತೆ."

ಬಾಲಸುಬ್ರಹ್ಮಣ್ಯರ ಎದೆ ಹಿಗ್ಗಿತು. ಅಂಬುಜಾಳೂ ಒಂದು ತಿಂದಳು. ಅವಳ ಹುಬ್ಬು ಮೇಲೇರಿತು. ಮೆಚ್ಚಿದಾಗ ಮಾತ್ರ ಅದು ಹಾಗೆ ಏರುತ್ತದೆ.

"ನಿಜವಾಗ್ಲೂ ನೀವೇ ಮಾಡಿದ್ರಾ? ಯಾವುದ್ರಲ್ಲಿ?"

"ಮತ್ಯಾವುದ್ರಲ್ಲಿ? ಓವನ್ನಲ್ಲೇ" ಎಂದರು ಬಾಲಸುಬ್ರಹ್ಮಣ್ಯ, ಸಾಧ್ಯವಾದಷ್ಟು ಸಲೀಸಾಗಿ.

ಅಂಬುಜಾಳ ಮುಖ ಬಿಳಿಚಿಕೊಂಡಿತು. "ಓವನ್ನಲ್ಲಾ?" ಎಂದು ಚೀರಿ ಅಡುಗೆಮನೆಗೆ ಓಡಿದಳು. ಎಲ್ಲರೂ ಹಿಂದೆ ಓಡಿದರು. ತಟ್ಟೆಯನ್ನು ಪಕ್ಕಕ್ಕೆ ತಳ್ಳಿ, ಲಕ್ಷ್ಮಿಯ ಬಾಗಿಲು ತೆರೆದು ಒಳಗೆ ಕೈ ಹಾಕಿದಳು. ಹೊರಗೆ ಬಂದದ್ದು ಗುಲಾಬಿ ಬಣ್ಣದ ಪ್ಲಾಸ್ಟಿಕ್ ಸೋಪಿನ ಡಬ್ಬಿ. ಮುಚ್ಚಳ ತೆಗೆದಳು. ಹತ್ತಿಯಲ್ಲಿ ಸುತ್ತಿದ ಅವಳಮ್ಮನ ಅವಲಕ್ಕಿ ಸರ, ಬಳೆಗಳು, ಎಲ್ಲ ಇಟ್ಟ ಹಾಗೇ ಇದ್ದವು. ಡಬ್ಬಿಯನ್ನು ಎದೆಗವುಚಿಕೊಂಡು ನೆಲದ ಮೇಲೆ ಕೂತುಬಿಟ್ಟಳು.

"ಕಳ್ಳನೂ ಮುಟ್ಟಲ್ಲ, ನೀವೂ ಮುಟ್ಟಲ್ಲ ಅಂತ ಇದ್ರಲ್ಲಿ ಇಟ್ಟು ಹೋಗಿದ್ದೆ" ಎಂದಳು ಉಸಿರು ತಿರುಗಿದ ಮೇಲೆ. ಅನಂತರ ಡಬ್ಬಿಯನ್ನು ನೋಡಿದಳು, ಟಾರ್ಟನ್ನು ನೋಡಿದಳು, ಗಂಡನನ್ನು ನೋಡಿದಳು. "ಒಂದು ನಿಮಿಷ. ಪ್ಲಾಸ್ಟಿಕ್ ಡಬ್ಬಿ ಕರಗಿಲ್ಲ. ಟಾರ್ಟ್ ಬೆಂದಿದೆ. ಅದು ಹೇಗ್ರೀ?"

ಬಾಲಸುಬ್ರಹ್ಮಣ್ಯರು ಕನ್ನಡಕ ತೆಗೆದು ಒರೆಸತೊಡಗಿದರು. ಕಡೆಗೆ ಕಾಕುವಿಗೆ ತಡೆಯಲಾಗಲಿಲ್ಲ. "ನೋಡ್ರಿ ಬಾಲುಭಾವೂ, ನಾ ಅಂತೂ ಕುಕ್ಕರ್ ಅನ್ನೋ ಶಬ್ದ ಬಾಯಾಗ ತಗದಿಲ್ಲ!"

ಎಲ್ಲ ಹೊರಬಿತ್ತು. ಅಂಬುಜಾ ಸುಳ್ಳಿನ ವಿಷಯಕ್ಕೆ ಹೋಗಲೇ ಇಲ್ಲ. "ಓವನ್ ಹಚ್ಚಿದ್ದು ನಿಜಾನಾ?" ಎಂದಷ್ಟೇ ಕೇಳಿದಳು.

"ಎರಡು ಸಲ" ಎಂದರು ಬೋಪಣ್ಣ. "ಎರಡು ಸಲವೂ ಹಚ್ಚಿದ ಕ್ಷಣವೇ ಫ್ಯೂಸ್ ಹಾರಿತು."

"ಆ ಫ್ಯೂಸಿನ ಹೊಟ್ಟೆ ತಣ್ಣಗಿರಲಿ" ಎಂದು ಅಂಬುಜಾ ಮೇನ್ ಬೋರ್ಡಿದ್ದ ದಿಕ್ಕಿಗೆ ಕೈಮುಗಿದಳು. ಸೋಪಿನ ಡಬ್ಬಿಯನ್ನು ಮತ್ತೆ ಓವನ್ನಿನೊಳಗಿಟ್ಟು ಬಾಗಿಲು ಮುಚ್ಚಿದಳು. "ಇಷ್ಟಾದ್ರೂ ನಿಮಗೇ ಗೊತ್ತಾಗಲಿಲ್ಲ ಅಂದ್ಮೇಲೆ ಇದಕ್ಕಿಂತ ಭದ್ರವಾದ ಜಾಗ ಈ ಮನೇಲಿಲ್ಲ. ಈ ಓವನ್ ಕಾಮಠಿಗೂ ಹೋಗಲ್ಲ, ಎಲ್ಲಿಗೂ ಹೋಗಲ್ಲ."

ಬಾಲಸುಬ್ರಹ್ಮಣ್ಯರಿಗೆ ತಮ್ಮ ಕಿವಿಯನ್ನೇ ನಂಬಲಾಗಲಿಲ್ಲ. "ಅಂಬುಜಾ! ಹಾಗಾದ್ರೆ ಓವನ್ ಉಳೀತು?"

"ಉಳೀತು" ಎಂದು ಅಂಬುಜಾ ಮೇಲಿನ ಮನೆಯವರ ಕಡೆ ತಿರುಗಿದಳು. "ಬೋಪಣ್ಣೋರೆ, ಇದರ ವೈರ್ ಕತ್ತರಿಸಿಬಿಡಿ."

ಬೋಪಣ್ಣ ಅದಕ್ಕೇ ಕಾದಿದ್ದವರಂತೆ ಜೇಬಿನಿಂದ ಕಟಿಂಗ್ ಪ್ಲೈಯರ್ ತೆಗೆದರು. ಬಾಲಸುಬ್ರಹ್ಮಣ್ಯರು ಬಾಯಿ ತೆರೆದು ಮುಚ್ಚುವಷ್ಟರಲ್ಲಿ ವೈರು ನೆಲಕ್ಕೆ ಬಿತ್ತು.

"ಭಾವ, ಬೇಜಾರು ಮಾಡ್ಕೋಬೇಡಿ" ಎಂದಳು ಮೃಣಾಲಿನಿ ಕೊನೆಯ ಟಾರ್ಟ್ ಎತ್ತಿಕೊಳ್ಳುತ್ತ. "ಕುಕ್ಕರಲ್ಲೇ ಇಷ್ಟು ಚೆನ್ನಾಗಿ ಮಾಡ್ತೀರಲ್ಲ! ಮುಂದಿನ ಭಾನುವಾರ ನಮ್ಮ ಲೇಡೀಸ್ ಮೀಟ್ ಇದೆ. ಎಲ್ಲರಿಗೂ ಆಗುವಷ್ಟು ಮಾಡಿಡಿ, ಬೆಳಿಗ್ಗೆಯೇ ಬಂದು ತಗೊಂಡು ಹೋಗ್ತೀನಿ."

ಮುಂದಿನ ಭಾನುವಾರ ಇನ್ನೂ ಬೆಳಕು ಹರಿಯುತ್ತಿರುವಾಗಲೇ ಬಾಲಸುಬ್ರಹ್ಮಣ್ಯರು ಅಡುಗೆಮನೆಯಲ್ಲಿದ್ದರು. ಅಂಬುಜಾ ಆಗಲೇ ಸ್ನಾನ ಮುಗಿಸಿ ಲಕ್ಷ್ಮಿಯ ಚಿತ್ರಕ್ಕೆ ಒಂದು ದಾಸವಾಳ ಸಿಕ್ಕಿಸಿ ಹೋಗಿದ್ದಳು. ಅವರು ಕುಕ್ಕರಿಗೆ ಉಪ್ಪು ಸುರಿದರು, ಓವನ್ನಿಗೆ ಕೈಮುಗಿದು ಒಲೆ ಹಚ್ಚಿದರು.